ಯಾವಾಗ ಬಂದದ್ದು, ಯಾವಾಗ ಹೊರಡುವುದು?

ಮುಂಬಯಿ ಕನ್ನಡಿಗರ ಬಾಯಲ್ಲಿ 'ಊರು' ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಸಿಗದ ಒಂದು ಅರ್ಥವಿದೆ. ಮೂವತ್ತು ನಲವತ್ತು ವರ್ಷ ಬಾಳಿದ ಡೊಂಬಿವಲಿ ನಮಗೆ ಊರಲ್ಲ, ಮಕ್ಕಳು ಹುಟ್ಟಿದ ಘಾಟ್ಕೋಪರ್ ಊರಲ್ಲ, ಅಪ್ಪ ಕಣ್ಣು ಮುಚ್ಚಿದ ಮಾಟುಂಗವೂ ಊರಲ್ಲ. ಊರೆಂದರೆ ಮೇ ತಿಂಗಳಲ್ಲಿ ಹೋಗಿ, ಹಲಸಿನ ಹಣ್ಣು ತಿಂದು, ದೇವರಿಗೂ ದೈವಕ್ಕೂ ಕೈಮುಗಿದು, ಮಳೆ ಹಿಡಿಯುವ ಮೊದಲು ತಿರುಗಿ ಬರುವ ಜಾಗ. "ರಿಟೈರ್ ಆದ ಮೇಲೆ ಊರಿಗೆ ಹೋಗಿ ನೆಮ್ಮದಿಯಿಂದ ಇದ್ದುಬಿಡುತ್ತೇವೆ" ಎಂದು ಒಮ್ಮೆಯಾದರೂ ಹೇಳದ ಮನೆ ನಮ್ಮವರಲ್ಲಿ ಇರಲಾರದು. ಹೇಳಿದವರೆಲ್ಲ ಹೋಗುವುದಿಲ್ಲ. ನಾವು ಹೋದೆವು. ಈಗ ಆ ಯೋಚನೆಯಲ್ಲಿರುವ ಬಂಧುಗಳಿಗೆ, ಮುಖ್ಯವಾಗಿ ಅವರ ಮನೆಯ ಹೆಂಗಸರಿಗೆ, ನಾಲ್ಕು ಮಾತು ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಹೆಂಗಸರಿಗೆ ಎಂದು ಯಾಕೆ ಹೇಳಿದೆನೆಂದರೆ, ಊರಿಗೆ ಹೋಗುವುದು ಗಂಡ ಹೆಂಡತಿ ಇಬ್ಬರಿಗೂ ಒಂದೇ ಅಲ್ಲ. ನಮ್ಮವರು ಹುಟ್ಟಿದ್ದು ಕುಂದಾಪುರದಲ್ಲಿ. ೧೯೭೨ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಎಸ್.ಎಸ್.ಸಿ. ಮುಗಿಸಿ, ಕೊನೆಗೆ ಒಂದು ಖಾಸಗಿ ಕಂಪೆನಿಯ ಗುಮಾಸ್ತರಾಗಿ ನಿವೃತ್ತರಾದವರು. ನಾನಾದರೋ ಮಾಟುಂಗದಲ್ಲಿ ಹುಟ್ಟಿ, ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಮದುವೆಯಾಗಿ ಡೊಂಬಿವಲಿಗೆ ಹೋದವಳು. ೨೦೧೭ರ ಮೇ ತಿಂಗಳಲ್ಲಿ ನಾವಿಬ್ಬರೂ ಒಂದೇ ಗಾಡಿ ಹತ್ತಿದೆವು. ಅವರು ಊರಿಗೆ ಹಿಂತಿರುಗಿದರು. ನಾನು ಊರು ಬಿಟ್ಟೆ.

ಮಗ ಸೊಸೆ ಠಾಣೆಯಲ್ಲಿದ್ದಾರೆ. ಡೊಂಬಿವಲಿಯ ಮನೆಯನ್ನು ಮಾರಿಬಿಡೋಣವೆಂದು ನಮ್ಮವರು, ಬೇಡವೆಂದು ನಾನು. ಕಡೆಗೆ ಬಾಡಿಗೆಗೆ ಕೊಡುವುದೆಂದಾಯಿತು. ಮುಂಬಯಿಯಲ್ಲಿ ಬಾಡಿಗೆಯ ಕರಾರು ಹನ್ನೊಂದು ತಿಂಗಳದ್ದಲ್ಲವೆ? "ಹನ್ನೊಂದು ತಿಂಗಳು ನೋಡುತ್ತೇನೆ. ನನ್ನಿಂದಾಗದಿದ್ದರೆ ಕರಾರು ಮುಗಿಸಿ ಇಬ್ಬರೂ ವಾಪಸು" ಎಂದು ನಾನೂ ಒಂದು ಕರಾರು ಮಾಡಿಕೊಂಡೆ. ಅವರು ಒಪ್ಪಿದರು, ಆದರೆ ನಕ್ಕರು.

ಪ್ರಯಾಣದ ವಿಷಯದಲ್ಲಿ ನಮ್ಮ ತಲೆಮಾರು ಪುಣ್ಯ ಮಾಡಿದೆ. ನಮ್ಮವರು ಹುಡುಗನಾಗಿ ಬಂದಾಗ ಘಟ್ಟ ಹತ್ತಿ, ಹುಬ್ಬಳ್ಳಿ, ಪುಣೆ ಸುತ್ತಿ, ಮೈಕೈ ನೋಯಿಸಿಕೊಂಡು ಬಸ್ಸಿನಲ್ಲಿ ಬಂದವರು. ಮಂಗಳೂರಿನಿಂದ ತರುಣನಾಗಿ ಮುಂಬಯಿಗೆ ಬಂದು ಕಾರ್ಮಿಕರ ನಾಯಕರಾದ ಜಾರ್ಜ್ ಫೆರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ ೧೯೯೦ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು, ಇ. ಶ್ರೀಧರನ್ ಅವರ ಮುಂದಾಳುತನದಲ್ಲಿ ಬೆಟ್ಟ ಕೊರೆದು, ಹೊಳೆ ದಾಟಿ, ಸುಮಾರು ೭೪೦ ಕಿ.ಮೀ. ಹಳಿ ಹಾಕಿದರು, ೧೯೯೮ರಲ್ಲಿ ದಾರಿ ಪೂರ್ತಿ ತೆರೆಯಿತು. ಈಗ ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಕಡೆ ಇಳಿಯಬಹುದು. ದಾರಿ ಹತ್ತಿರವಾಯಿತು. ಆದರೆ ಇಳಿದ ಮೇಲಿನ ದಾರಿಯನ್ನು ಯಾವ ರೈಲೂ ಹತ್ತಿರ ಮಾಡಿಕೊಡುವುದಿಲ್ಲ.

ಕುಂದಾಪುರ ಚೆಂದದ ಪೇಟೆ. ಮೂರು ಕಡೆ ನೀರು. ಪಂಚಗಂಗಾವಳಿ ಹೊಳೆ ಕಡಲು ಸೇರುವುದು ಇಲ್ಲೇ; ಆಚೆ ದಡದಲ್ಲಿ ಗಂಗೊಳ್ಳಿಯ ದೋಣಿಗಳು; ಕೋಡಿಯಲ್ಲಿ ದೀಪಸ್ತಂಭ; ಕುಂದೇಶ್ವರನ ಗುಡಿ. ಮಧ್ಯಾಹ್ನ ಒಂದು ಗಂಟೆಗೆ ಅರ್ಧ ಅಂಗಡಿಗಳ ಬಾಗಿಲು ಮುಚ್ಚಿ ಜನ ಉಂಡು ಮಲಗುತ್ತಾರೆ. ಇದನ್ನು ಕಂಡಾಗ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು, ಮತ್ತೆ ನಾನೂ ಮಲಗತೊಡಗಿದೆ.

ಅಭ್ಯಾಸವಾಗದ್ದು ಮೌನ. ಲೋಕಲ್ ಗಾಡಿಯ ಸದ್ದಿಗೆ ಮಲಗಿ ಅದರ ಸದ್ದಿಗೇ ಎದ್ದವಳು ನಾನು. ಇಲ್ಲಿ ರಾತ್ರಿ ಎಂಟೂವರೆಗೆ ಕೇರಿ ತಣ್ಣಗಾಗುತ್ತದೆ. ಜೂನ್ ಬಂತೆಂದರೆ ಯಾಂತ್ರಿಕ ದೋಣಿಗಳಿಗೆ ಎರಡು ತಿಂಗಳ ರಜೆ, ಮೀನು ಮಾರುವ ಹೆಂಗಸಿನ ಕೂಗೂ ಅಪರೂಪ. ಉಳಿಯುವುದು ಮಳೆ, ಮಳೆಯ ಹಿಂದೆ ಕಡಲ ಮೊರೆತ. ಮುಂಬಯಿಯವರಿಗೆ ಮಳೆ ಹೊಸದಲ್ಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿ.ಮೀ. ಸುರಿದದ್ದನ್ನು ಕಂಡವರು ನಾವು. ಆದರೆ ಆ ಮಳೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಡೆದಾಗ ಮುಂದೆ ಯಾರೋ, ಹಿಂದೆ ಯಾರೋ ಇದ್ದರು. ಹೆಸರು ಗೊತ್ತಿಲ್ಲದವರು ಕೈ ಹಿಡಿದು ದಾಟಿಸಿದ್ದರು. ಇಲ್ಲಿಯ ಮಳೆಯಲ್ಲಿ ನಾನು ಜಗಲಿಯಲ್ಲಿ ಒಬ್ಬಳೇ ಕೂತು ಮಾಡಿನ ನೀರು ಬೀಳುವುದನ್ನು ನೋಡಬೇಕಿತ್ತು. ಆ ಮೊದಲ ಆಷಾಢದಲ್ಲಿ ಎಷ್ಟು ಸಲ ಪೆಟ್ಟಿಗೆ ಕಟ್ಟೋಣವೆನಿಸಿತೋ ಲೆಕ್ಕವಿಲ್ಲ.

ಮಾತೂ ಒಂದು ಕಷ್ಟ. ಕನ್ನಡ ಬಲ್ಲೆನೆಂಬ ಧೈರ್ಯ ನನಗಿತ್ತು. ಇಲ್ಲಿಯ ಕುಂದಗನ್ನಡ ಬಂದೂಕಿನಿಂದ ಹಾರಿದ ಹಾಗೆ ಬರುತ್ತದೆ. ಅರ್ಥವಾಗುವಷ್ಟರಲ್ಲಿ ಮಾತು ಮುಗಿದಿರುತ್ತದೆ. ನನ್ನ ಕನ್ನಡವೋ ಅರ್ಧ ಮರಾಠಿ. ಪಾತ್ರೆಗಳನ್ನು ಮೋರಿಯಲ್ಲಿಡು ಎಂದು ಕೆಲಸದ ಹುಡುಗಿಗೆ ಹೇಳಿದರೆ ಅವಳು ನನ್ನ ಮುಖವನ್ನೇ ನೋಡಿದಳು. ಮುಂಬಯಿಯ ನಮ್ಮ ಅಡುಗೆಮನೆಯ ಮೂಲೆಯ ಮೋರಿ ಪಾತ್ರೆ ತೊಳೆಯುವ ಜಾಗ. ಅವಳಿಗೆ ಗೊತ್ತಿದ್ದ ಮೋರಿ ರಸ್ತೆಯ ಕೆಳಗಿನದು!

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಎರಡು ಪ್ರಶ್ನೆಗಳು. ದೇವಸ್ಥಾನದಲ್ಲಿ, ಅಂಗಡಿಯಲ್ಲಿ, ಮದುವೆಮನೆಯಲ್ಲಿ, ಯಾರು ಸಿಕ್ಕರೂ ಕೇಳುವುದು ಒಂದೇ: "ಯಾವತ್ತ್ ಬಂದದ್ದ್? ಯಾವತ್ತ್ ಹೊರ್ಡುದ್?" ಪ್ರೀತಿಯಿಂದಲೇ ಕೇಳುತ್ತಾರೆ. ಆರು ತಿಂಗಳಾದ ಮೇಲೂ ಕೇಳಿದರು, ವರ್ಷವಾದ ಮೇಲೂ ಕೇಳಿದರು. ಕೂರಿಸಿ, ಬೆಲ್ಲ ನೀರು ಕೊಟ್ಟು ಉಪಚರಿಸುತ್ತಾರೆ. ಆದರೆ ಒಂದು ಕೆಲಸ ಹೇಳುವುದಿಲ್ಲ. ಕೆಲಸ ಹೇಳದವರೆಗೆ ನಾವು ನೆಂಟರು. ವಿಚಿತ್ರವೆಂದರೆ ನಮ್ಮವರ ಪಾಡೂ ಅದೇ. ಅವರ ಜೊತೆಗೆ ಶಾಲೆಗೆ ಹೋದವರಲ್ಲಿ ಕೆಲವರು ತೀರಿಹೋಗಿದ್ದರು, ಉಳಿದವರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇದ್ದರು. ಸಂಜೆ ಹೊಳೆಯ ದಡದವರೆಗೆ ಹೋಗಿ, ಮಾತನಾಡಲು ಯಾರೂ ಸಿಗದೆ ಬೇಗನೆ ತಿರುಗಿ ಬರುತ್ತಿದ್ದರು. ನಮ್ಮ ಕೇರಿಯಲ್ಲೇ ನಾಲ್ಕು ಮನೆಗಳಿಗೆ ಬೀಗ. ಐದನೆಯದರಲ್ಲಿ ಒಬ್ಬಳೇ ಅಜ್ಜಿ. ಈ ಮೌನ ನಾವು ತಿಳಿದಂತೆ ಪ್ರಕೃತಿ ಕೊಟ್ಟದ್ದಲ್ಲ. ಮನೆಗೊಬ್ಬರಂತೆ ನಾವೆಲ್ಲ ಎದ್ದು ಮುಂಬಯಿಗೆ ಹೋದದ್ದರಿಂದಲೂ ಆದದ್ದು ಎಂದು ಆಗ ನನಗೆ ಹೊಳೆಯಿತು.

ಇಲ್ಲಿ ಒಂದು ಮಾತನ್ನು ಓದುಗರು ಯೋಚಿಸಬೇಕು. ನಮ್ಮ ಹಿರಿಯರು ಮುಂಬಯಿಗೆ ಬಂದಾಗ ತಾವು ಪರದೇಶಿಗಳೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮೊದಲ ದಿನದಿಂದ ಕೈಕಟ್ಟಿ ಕೂರಲಿಲ್ಲ. ೧೯೨೬ರಲ್ಲಿ ಮೈಸೂರು ಅಸೋಸಿಯೇಶನ್, ೧೯೩೩ರಲ್ಲಿ ಕರ್ನಾಟಕ ಸಂಘ ಕಟ್ಟಿದರು. ಜಾತಿಗೊಂದು ಸಂಘ, ಪೇಟೆಗೊಂದು ಭಜನಾ ಮಂಡಳಿ ಮಾಡಿದರು. ಹೋಟೆಲಿನ ಹುಡುಗರಿಗೆ ರಾತ್ರಿ ಶಾಲೆ ತೆರೆದರು. ಮಾಟುಂಗದಲ್ಲಿ ಊಟದ ಮನೆ ನಡೆಸಿ ಬಂದವರ ಹೊಟ್ಟೆ ತುಂಬಿಸಿದರು. ಹೀಗೆ ಅಪರಿಚಿತ ಪಟ್ಟಣವನ್ನು ವಾಸಕ್ಕೆ ಯೋಗ್ಯ ಮಾಡಿಕೊಂಡರು. ನಾವು ಊರಿಗೆ ಹೋಗುವಾಗ ಇದೊಂದನ್ನೂ ಮಾಡುವುದಿಲ್ಲ. 'ಊರು' ಎಂಬ ಹೆಸರೇ ನಮ್ಮ ಕಣ್ಣು ಕಟ್ಟಿಬಿಡುತ್ತದೆ. ಅದು ನಮ್ಮದೇ, ಹೋದ ಕೂಡಲೇ ತೊಡೆಯ ಮೇಲೆ ಕೂರಿಸಿಕೊಳ್ಳುತ್ತದೆ ಎಂದು ನಂಬುತ್ತೇವೆ. ನಲವತ್ತೈದು ವರ್ಷದ ನಂತರ ಹೋಗುವವನಿಗೂ, ಹುಟ್ಟಿದಂದಿನಿಂದ ಹೊರಗಿದ್ದ ನನ್ನಂಥವಳಿಗೂ ಅದು ಹೊಸ ಜಾಗವೇ.

ನನಗೆ ದಾರಿ ತೋರಿಸಿದ್ದು, ಆಶ್ಚರ್ಯವೆಂದರೆ, ಹಿಂದಿ. ಕರಾವಳಿಯ ಹುಡುಗರು ಹೊರಟುಹೋದ ಜಾಗಕ್ಕೆ ಈಗ ಬೇರೆ ಹುಡುಗರು ಬಂದಿದ್ದಾರೆ. ಹೋಟೆಲಿನಲ್ಲಿ ಲೋಟ ತೊಳೆಯುವವರು, ಮನೆಗೆ ಟೈಲ್ಸ್ ಹಾಕುವವರು, ಬೋಟಿನ ಕೆಲಸದವರು ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದ ಕಡೆಯವರು. ಒಂದು ದಿನ ಔಷಧಿ ಅಂಗಡಿಯಲ್ಲಿ ಜ್ವರದ ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸು ಏನೋ ಹೇಳುತ್ತಿದ್ದಾಳೆ, ಅಂಗಡಿಯವರಿಗೆ ತಿಳಿಯುತ್ತಿಲ್ಲ. ನಾನು ನಡುವೆ ನಿಂತು ಅವಳ ಮಾತನ್ನು ಇವರಿಗೆ, ಇವರ ಮಾತನ್ನು ಅವಳಿಗೆ ಹೇಳಿದೆ. ಕಾಲು ಗಂಟೆಯ ಕೆಲಸ. ಆ ವಾರದಲ್ಲೇ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕರೆದರು: "ಅಮಾ, ನಿಮ್ಗೆ ಹಿಂದಿ ಬತ್ತಂಬ್ರಲೆ? ಈ ಗಂಡಿಗೆ ಒಂಚೂರ್ ಹೇಳಿ ಕಾಂಬ, ಗ್ವಾಡಿ ಒಡುದ್ ಬ್ಯಾಡ ಅಂದೇಳಿ." ಹಿಂದಿ ಬರುತ್ತದಂತಲ್ಲ, ಗೋಡೆ ಒಡೆಯಬೇಡ ಎಂದು ಈ ಹುಡುಗನಿಗೆ ಹೇಳಿ ಎಂದು. ಆ ಊರಿನಲ್ಲಿ ನನಗೆ ಯಾರಾದರೂ ಹೇಳಿದ ಮೊದಲ ಕೆಲಸ ಅದು. ಮನೆಗೆ ಬಂದು ನಮ್ಮವರಿಗೆ ಹೇಳುವಾಗ ನನ್ನ ದನಿ ನಡುಗಿತ್ತು.

ಆಮೇಲೆ ಆ ಕಟ್ಟಡ ಕೆಲಸದವರ ಮೂವರು ಮಕ್ಕಳು ನಮ್ಮ ಜಗಲಿಗೆ ಬರತೊಡಗಿದರು. ಸರಕಾರಿ ಕನ್ನಡ ಶಾಲೆಗೆ ಸೇರಿದ್ದರು, ಆದರೆ ಟೀಚರು ಹೇಳಿದ್ದು ತಿಳಿಯುತ್ತಿರಲಿಲ್ಲ. ನಾನು ಅ ಆ ಇ ಈ ಬರೆಸಿದೆ. ನಮ್ಮವರು ಮಗ್ಗಿ ಹೇಳಿಕೊಟ್ಟರು. ಮೂರು ಇದ್ದದ್ದು ಏಳಾಯಿತು. ಹೋಟೆಲಿನ ಇಬ್ಬರು ಹುಡುಗರು ರಾತ್ರಿ ಕೆಲಸ ಮುಗಿಸಿ ಬಂದು, ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಕಲಿಸಿ ಎಂದರು. ಅವತ್ತು ನಮ್ಮವರು ಬಹಳ ಹೊತ್ತು ಸುಮ್ಮನೆ ಕೂತು, "ನಾನೂ ಹೀಗೇ ಒದ್ದೆ ಕೈ ಒರೆಸಿಕೊಂಡು ಹೋಗುತ್ತಿದ್ದೆ" ಎಂದರು. ಅಂದಿನಿಂದ ಅವರು ಸಂಜೆ ಹೊಳೆಯ ದಡದಿಂದ ಬೇಗ ಬರುವುದು ಬೇಸರಕ್ಕಲ್ಲ. ಮೊದಲ ಕರಾರು ಮುಗಿದಾಗ ಬಾಡಿಗೆಯ ಏಜೆಂಟರು ಫೋನು ಮಾಡಿದರು. "ಇನ್ನೊಂದು ಹನ್ನೊಂದು ತಿಂಗಳು ಮಾಡಿ" ಎಂದವಳು ನಾನೇ.

ಎಲ್ಲವೂ ಸಿಹಿಯಾಗಿತ್ತೆಂದು ಹೇಳಿದರೆ ಅದು ಸತ್ಯವಾಗದು. ೨೦೨೦ರ ಮೇ ತಿಂಗಳಲ್ಲಿ, ಕೊರೋನಾದ ದಿನಗಳಲ್ಲಿ, ಮುಂಬಯಿಯಿಂದ ನಮ್ಮವರು ಬಸ್ಸು ಕಾರುಗಳಲ್ಲಿ ಗುಂಪುಗುಂಪಾಗಿ ಉಡುಪಿ ಜಿಲ್ಲೆಗೆ ಬಂದರು. ಶಾಲೆ, ಹಾಸ್ಟೆಲುಗಳಲ್ಲಿ ಅವರನ್ನು ಕ್ವಾರಂಟೈನ್ ಇಟ್ಟರು. ಸೋಂಕಿನ ಲೆಕ್ಕ ಏರಿದಂತೆ 'ಬೊಂಬಾಯಿಯವರು' ಎಂಬ ಮಾತು ಬೈಗುಳದಂತೆ ಕೇಳಿಸತೊಡಗಿತು. "ಯಾವತ್ತ್ ಬಂದದ್ದ್?" ಎಂದು ಬಾಯ್ತುಂಬ ಕೇಳುತ್ತಿದ್ದವರೇ ಅದೇ ಪ್ರಶ್ನೆಯನ್ನು ದೂರ ನಿಂತು, ಹೆದರಿ ಕೇಳಿದರು. ವರ್ಷಗಟ್ಟಲೆ ದೇವಸ್ಥಾನಕ್ಕೆ, ಶಾಲೆಗೆ ಮುಂಬಯಿಯ ದುಡ್ಡು ಬಂದ ಊರದು. ನನ್ನ ಹೊಟ್ಟೆಯಲ್ಲಿ ಬೆಂಕಿ ಹಾಕಿದಂತಾಯಿತು. ಆದರೆ ಹೆದರಿದವರಲ್ಲಿ ಹೆಚ್ಚಿನವರು ಒಂಟಿ ಮುದುಕ ಮುದುಕಿಯರು ಎಂಬುದೂ ನನ್ನ ಕಣ್ಣೆದುರಿಗಿತ್ತು. ಹತ್ತಿರದ ಶಾಲೆಯಲ್ಲಿ ಇದ್ದವರಿಗೆ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿ ಗೇಟಿನವರೆಗೆ ಕಳುಹಿಸಿದೆ. ಎರಡನೆಯ ದಿನ ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲೆ ಹತ್ತು ಎಳನೀರು ಇಟ್ಟು, "ಇದನ್ನೂ ಕಳ್ಸಿ" ಎಂದು ಒಳಗೆ ಹೋದರು. ಅವರ ಇಬ್ಬರು ಗಂಡುಮಕ್ಕಳೂ ಮುಂಬಯಿಯಲ್ಲೇ ಇದ್ದರು.

ಈಗ ಊರಿಗೆ ಹೋಗಬೇಕೆಂದಿರುವವರಿಗೆ ನನ್ನ ಮಾತು ಇಷ್ಟು. ಹೋಗಿ, ಆದರೆ ಮುಂಬಯಿಯ ಮನೆ ಮಾರಿ ಹೋಗಬೇಡಿ. ಎರಡು ಮಳೆಗಾಲ ಕಳೆಯಲಿ. ಹೆಂಡತಿಯನ್ನು ನಿಜವಾಗಿ ಕೇಳಿ, ಅವಳು ಹುಟ್ಟಿದ್ದು ಎಲ್ಲಿ ಎಂಬುದನ್ನು ಮರೆಯಬೇಡಿ. ದೊಡ್ಡ ಕಾಯಿಲೆಗೆ ನಮ್ಮ ಕಡೆಯವರು ಮಣಿಪಾಲಕ್ಕೆ ಓಡಬೇಕು, ಸುಮಾರು ೪೦ ಕಿ.ಮೀ.; ರಾತ್ರಿ ಕರೆದರೆ ಬರುವ ವಾಹನದ ನಂಬರು ಮೊದಲ ವಾರವೇ ಬರೆದಿಡಿ. ನಿಮ್ಮ ಕೈಯಲ್ಲಿ ಯಾವ ವಿದ್ಯೆ ಇದೆಯೋ, ಲೆಕ್ಕ ಬರೆಯುವುದೋ, ಹೊಲಿಗೆಯೋ, ಭಜನೆಯೋ, ಅದನ್ನು ಗಂಟು ಕಟ್ಟಿ ಒಯ್ಯಿರಿ. ಹೋಗದವರೂ ಬೇಸರಿಸಬೇಕಾಗಿಲ್ಲ. ಯಶವಂತ ಚಿತ್ತಾಲರು ೨೦೧೪ರಲ್ಲಿ ತೀರಿಕೊಂಡದ್ದು ಮುಂಬಯಿಯಲ್ಲೇ; ಆದರೂ ಅವರ ಹನೇಹಳ್ಳಿ ಕನ್ನಡಿಗರೆಲ್ಲರಿಗೂ ಗೊತ್ತು.

ನಮ್ಮ ಡೊಂಬಿವಲಿಯ ಮನೆ ಇನ್ನೂ ಹನ್ನೊಂದು ತಿಂಗಳ ಕರಾರಿನಲ್ಲೇ ನಡೆಯುತ್ತಿದೆ. ಮಾರುವ ಮಾತು ಈಗ ನಮ್ಮವರು ಎತ್ತುವುದಿಲ್ಲ, ವಾಪಸು ಹೋಗುವ ಮಾತು ನಾನು ಎತ್ತುವುದಿಲ್ಲ. ನೀವು ಈ ಕಡೆ ಬಂದರೆ ನಮ್ಮಲ್ಲಿಗೆ ಬನ್ನಿ. ಸಂಜೆ ಐದರಿಂದ ಏಳರವರೆಗೆ ಜಗಲಿಯ ತುಂಬ ಮಕ್ಕಳಿರುತ್ತಾರೆ, ಆಗ ಬಂದರೆ ಇನ್ನೂ ಒಳ್ಳೆಯದು. ಚಹಾ ಕುಡಿದು, ಅವರಿಗೊಂದು ಪಾಠ ಹೇಳಿ. ಯಾವಾಗ ಹೊರಡುವುದು ಎಂದು ನಾನಂತೂ ಕೇಳುವುದಿಲ್ಲ.