ಗಾಲಿಗೂ ಹಲ್ಲು ನೋಡುವ ಸಂತೆ

ಇಂಗ್ಲೆಂಡಿನ ದಕ್ಷಿಣ ಭಾಗದ ಸೌತಾಂಪ್ಟನ್ನಿನಿಂದ ಹೊರಟು ನ್ಯೂ ಫಾರೆಸ್ಟ್ ಹೊಕ್ಕರೆ, ಗಿಡ್ಡ ಕುದುರೆಗಳು ನಮ್ಮೂರ ದನಗಳಂತೆ ರಸ್ತೆಯಲ್ಲೇ ನಿಂತಿರುತ್ತವೆ. ಕಾರುಗಳು ಸುಮ್ಮನೆ ಕಾಯುತ್ತವೆ. ಈ ಸೀಮೆಯಲ್ಲೇ ಇದೆ ಬ್ಯೂಲಿ ಎಂಬ ಹಳ್ಳಿ. ಫ್ರೆಂಚ್ ಮೂಲದ ಹೆಸರು. ಕಾಗುಣಿತ ನೋಡಿದರೆ ಹೀಗೆ ಓದಬೇಕೆಂದು ಯಾರಿಗೂ ಹೊಳೆಯದು.

ಬ್ರಿಟನ್ನಿನ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯ ಇರುವುದು ಇಲ್ಲಿ. ಅದರ ಸ್ಥಾಪಕ ಲಾರ್ಡ್ ಮಾಂಟೆಗು 1967ರಲ್ಲಿ ಪಕ್ಕದ ಮೈದಾನದಲ್ಲಿ ಹಳೆ ವಾಹನಗಳ ಬಿಡಿಭಾಗಗಳ ಸಂತೆ ಆರಂಭಿಸಿ, ಅದಕ್ಕೆ 'ಆಟೋಜಂಬಲ್' ಎಂದು ಹೆಸರಿಟ್ಟರು. ಹುಲ್ಲಿನ ಮೇಲೆ ತಾಡಪತ್ರಿ ಹಾಸಿ ಲಾಂದ್ರ, ಹಾರ್ನು, ಪಿಸ್ಟನ್ನು, ತುಕ್ಕು ಹಿಡಿದ ಗಾಲಿ ಎಲ್ಲವನ್ನೂ ಹರವಿರುತ್ತಾರೆ. ಶಿವಾಜಿನಗರದ ಗುಜರಿಯನ್ನು ಹೊಲಕ್ಕೆ ತಂದು ಸುರಿದಂತೆ!

2019ರ ಸೆಪ್ಟೆಂಬರಿನಲ್ಲಿ ಮಗಳನ್ನು ಸೌತಾಂಪ್ಟನ್ನಿನ ಕಾಲೇಜಿಗೆ ಬಿಡಲು ಹೋಗಿದ್ದೆ. ಅಲ್ಲೇ ನೆಲೆಸಿರುವ ನನ್ನ ಭಾವಮೈದುನ ನಮ್ಮಿಬ್ಬರನ್ನೂ ಈ ಸಂತೆಗೆ ಕರೆದೊಯ್ದ. ಅವನಲ್ಲಿ ಹಳೆಯದೊಂದು ಎಂಜಿಬಿ ಸ್ಪೋರ್ಟ್ಸ್ ಕಾರಿದೆ. ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ಇಂಥವು ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಆಮೇಲೆ ಕಾರ್ಖಾನೆಯೇ ಮುಚ್ಚಿತು. ಅವನ ಕಾರಿಗೆ ಹಿಂದಿನ ಎರಡು ಗಾಲಿ ಬೇಕಿತ್ತು.

ಸೈಕಲ್ಲಿನಂತೆ ಸ್ಪೋಕ್ ಕಡ್ಡಿಗಳ ಗಾಲಿ ಅದು. ಸಣ್ಣ ಕಡ್ಡಿ ಒತ್ತಿದರೆ ಬಾಗುತ್ತದೆ, ಎಳೆದರೆ ಗಟ್ಟಿ. ಆದ್ದರಿಂದಲೇ ಅರವತ್ತು ಎಪ್ಪತ್ತು ಕಡ್ಡಿಗಳನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಬೆರಳಿನಿಂದ ಮೀಟಿದರೆ ಬಿಗಿಯಾದದ್ದು ಝಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮಗಳು ಒಂದೊಂದನ್ನೂ ಮೀಟುತ್ತ ಕೂತಳು. ಇಂಥ ಗಾಲಿಗಳನ್ನು ನಮ್ಮ ಚೆನ್ನೈನ ವೀಲ್ಸ್ ಇಂಡಿಯಾ ಕೂಡ ತಯಾರಿಸಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಹದಿನಾಲ್ಕು ಅಂಗುಲದ ಗಾಲಿ, ಹೊಳೆಯುವ ಕ್ರೋಮ್, ಅಗ್ಗದ ಬೆಲೆ. ನನಗೆ ಇನ್ನೇನು ಬೇಕು ಅನ್ನಿಸಿತು. "ಭಾವ, ಹೊರಗಿನ ಅಳತೆ ಎಲ್ಲರಿಗೂ ಕಾಣುತ್ತೆ. ಒಳಗಡೆ ನೋಡಿ," ಎಂದು ಅವನು ಗಾಲಿಯನ್ನು ಮಗುಚಿದ.

ಈ ಗಾಲಿಗೆ ನಾಲ್ಕು ಬೋಲ್ಟುಗಳಿಲ್ಲ. ಹಬ್ಬಿನ ಮೇಲೆ ಉದ್ದಕ್ಕೆ ಹಲ್ಲುಗಳಿವೆ, ಗಾಲಿಯ ಒಳಗೆ ಅದಕ್ಕೆ ಕೂಡುವ ಹಲ್ಲುಗಳಿವೆ, ಮೇಲೊಂದು ದೊಡ್ಡ ನಟ್ಟು. ಎಂಜಿನ್ನಿನ ಬಲವೂ ಬ್ರೇಕಿನ ಬಲವೂ ಗಾಲಿಗೆ ತಲುಪುವುದು ಈ ಹಲ್ಲುಗಳ ಮೂಲಕವೇ. ಹೊಸದಾಗಿದ್ದರೆ ಅವುಗಳ ತುದಿ ಚಪ್ಪಟೆ. ಸವೆದರೆ ಗರಗಸದಂತೆ ಚೂಪು. ಪೂರ್ತಿ ಸವೆದರೆ ಬ್ರೇಕು ಹಬ್ಬನ್ನು ಹಿಡಿದು ನಿಲ್ಲಿಸುತ್ತದೆ, ಗಾಲಿ ತನ್ನ ಪಾಡಿಗೆ ತಿರುಗುತ್ತದೆ! ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಹಲ್ಲು ನೋಡುವುದು ನೆನಪಾಯಿತು. ಆ ಕ್ರೋಮ್ ಗಾಲಿಯ ಹಲ್ಲುಗಳು ಚೂಪಾಗಿದ್ದವು.

ಹಾಗಾದರೆ ಬೋಲ್ಟಿನ ಉಕ್ಕಿನ ಗಾಲಿಯೇ ಹಾಕಬಾರದೇಕೆ? ಎಂಜಿಬಿಯಲ್ಲಿ ಆ ಬಗೆಯೂ ಇದೆ. ಬೋಲ್ಟುಗಳ ವೃತ್ತದ ವ್ಯಾಸ 114.3 ಮಿಲಿಮೀಟರ್. ವಿಚಿತ್ರ ಸಂಖ್ಯೆ ಅಲ್ಲವೆ? 25.4ರಿಂದ ಭಾಗಿಸಿ ನೋಡಿ, ನಾಲ್ಕೂವರೆ ಅಂಗುಲ ಸಿಗುತ್ತದೆ. ಇಂದಿನ ಕ್ರೆಟಾ ಕಾರಿನಲ್ಲೂ ಇದೇ ವ್ಯಾಸ, ಬೋಲ್ಟು ಮಾತ್ರ ಐದು. ಆದರೆ ಕಡ್ಡಿಗಾಲಿಯ ಎಂಜಿಬಿಯ ಹಿಂದಿನ ಆಕ್ಸಲ್ಲೇ ಗಿಡ್ಡ. ಉದ್ದ ಆಕ್ಸಲ್ಲಿಗೆ ಅಡಾಪ್ಟರ್ ಹಾಕಿ ಕಡ್ಡಿಗಾಲಿ ಕೂರಿಸಿದವರ ಟೈರು ಮಡ್‌ಗಾರ್ಡಿಗೆ ಉಜ್ಜಿದ್ದುಂಟು. ಒಂದು ಬದಲಿಸಲು ಹೋದರೆ ಇನ್ನೊಂದು ಕಾಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಚಪ್ಪಟೆ ಹಲ್ಲಿನ ಒಂದು ಜೊತೆ ಗಾಲಿ ಸಿಕ್ಕಿತು. ಮಾರುತ್ತಿದ್ದ ಮುದುಕ ದುಡ್ಡು ಮುಟ್ಟುವ ಮೊದಲು ಕೇಳಿದ್ದು, "ನಿಮ್ಮ ಹಬ್ಬಿನ ಹಲ್ಲು ಹೇಗಿದೆ?" ಸವೆದ ಹಬ್ಬು ಹೊಸ ಗಾಲಿಯನ್ನೂ ತಿಂದುಹಾಕುತ್ತದಂತೆ. ವ್ಯಾಪಾರ ಬಿಟ್ಟು ಬುದ್ಧಿ ಹೇಳುವ ಅಂಗಡಿಯವನನ್ನು ಕಂಡು ನನಗೆ ಖುಷಿಯಾಯಿತು.

ಭಾವಮೈದುನ ಎರಡು ಹಬ್ಬುಗಳನ್ನೂ ಕೊಂಡ. ಎಡದ್ದಕ್ಕೆ ಮಾಮೂಲಿ ಮರೆ, ಬಲದ್ದಕ್ಕೆ ತಿರುಗುಮುರುಗು ಮರೆ. ಅದಲುಬದಲಾದರೆ ಓಡುತ್ತ ಓಡುತ್ತ ನಟ್ಟು ಸಡಿಲವಾಗುತ್ತದೆ. ಮಗಳು ಎರಡಕ್ಕೂ ನಟ್ಟು ತಿರುಗಿಸಿ ನೋಡಿ, ಬಲದ್ದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದಳು.