ಅರ್ಧ ಅಂಗುಲದ ಸಡಿಲು

ಎರೆಯ ಸೀಮೆಯಲ್ಲಿ ಬೈಸಿಕಲ್ಲು ಸಾಕುವುದೆಂದರೆ ಎತ್ತು ಸಾಕಿದಂತೆಯೇ ಸರಿ. ಎತ್ತಿಗಾದರೂ ಮೈ ತೊಳೆದರೆ ಮುಗಿಯಿತು. ಬೈಸಿಕಲ್ಲಿನ ಚೈನಿಗೆ ಹೊಕ್ಕ ಎರೆಮಣ್ಣು ತೊಳೆದರೂ ಹೋಗುವುದಿಲ್ಲ. ಸಿರುಗುಪ್ಪ ತಾಲ್ಲೂಕಿನ ಕರೂರಿನ ಕಡೆಯವರನ್ನು ಬೇಕಾದರೆ ಕೇಳಿ ನೋಡಿ. ತುಂಗಭದ್ರೆಯ ಕಾಲುವೆ ಹರಿದ ಮೇಲೆ ಈ ತಾಲ್ಲೂಕಿಗೆ ಬತ್ತ ಬಂದಿತು, ಬತ್ತದ ಹಿಂದೆ ಕೆಸರೂ ಬಂದಿತು. ಬೇಸಿಗೆಯಲ್ಲಿ ಅದೇ ಮಣ್ಣು ನಯವಾದ ಧೂಳಾಗಿ, ಚೈನಿನ ಎಣ್ಣೆಯೊಡನೆ ಕಲೆತು, ಸಾಣೆ ಹಿಡಿಯುವ ಮಸಿಯಾಗುತ್ತದೆ. ಕೊಂಡಿಗಳೊಳಗಿನ ಮೊಳೆಗಳನ್ನು ತೇಯುತ್ತದೆ. "ಚೈನು ಹಿಗ್ಗಿತು" ಎನ್ನುತ್ತೇವಲ್ಲ, ಅದು ಉಕ್ಕು ಹಿಗ್ಗಿದ್ದಲ್ಲ. ಮೊಳೆ ಸವೆದು, ಕೊಂಡಿಕೊಂಡಿಗೂ ಕೂದಲೆಳೆಯಷ್ಟು ಸಂದು ಬಿದ್ದು, ಎಲ್ಲವೂ ಕೂಡಿ ಕಣ್ಣಿಗೆ ಕಾಣುವಷ್ಟಾದದ್ದು.

ನನ್ನ ತಂಗಿಯ ಮನೆ ಕರೂರಿನ ಹೊರಗೆ, ಹೊಲದಲ್ಲಿ. ಅವಳ ಹಿರಿಯ ಮಗಳು 2019ರಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ ಸರಕಾರದ ಬೈಸಿಕಲ್ಲು ಬಂದಿತ್ತು. 2006ರಲ್ಲಿ ತೊಡಗಿದ ಆ ಯೋಜನೆ ಕೊರೋನಾದ 2020ರಲ್ಲಿ ನಿಂತಿತು. ಕಿರಿಯವಳ ಸರದಿಗೆ ಬೈಸಿಕಲ್ಲು ಬರಲಿಲ್ಲ. ಅಕ್ಕನ ಪುಸ್ತಕಗಳಂತೆ ಅಕ್ಕನ ಬೈಸಿಕಲ್ಲೂ ಅವಳಿಗೆ ಬಳುವಳಿಯಾಗಿ ಬಂದಿತು. ಅದರ ಮೇಲೆಯೇ ಶಾಲೆ. ಈಗ ಹತ್ತನೆಯ ತರಗತಿ.

ಕಳೆದ ದಸರೆಯ ಹೊತ್ತಿಗೆ ಚೈನು ಜಾರತೊಡಗಿತು. ಪೇಟೆಯ ಅಂಗಡಿಯೊಂದರಲ್ಲಿ ಹೊಸ ಚೈನು ಹಾಕಿಸಿದರು. ಮುಂದಿನ ಹಲ್ಲುಚಕ್ರವನ್ನೂ ಕ್ರ್ಯಾಂಕಿನ ಸಮೇತ ಬದಲಾಯಿಸಿದರು. ಮೂರನೆಯ ದಿನ ಕಾಲುವೆಯ ಸೇತುವೆಯ ಏರಿನಲ್ಲಿ ಹುಡುಗಿ ಎದ್ದುನಿಂತು ತುಳಿದಳು. ಚೈನು "ಕಟಕ್" ಎಂದು ಹಲ್ಲು ಹಾರಿತು, ಕಾಲು ಗಾಳಿಗೆ ಹೋಯಿತು, ಹುಡುಗಿ ನೆಲಕ್ಕೆ ಬಂದಳು. ಮೊಣಕಾಲು ತರಚಿದ್ದು ದೊಡ್ಡದಲ್ಲ. ಹಿಂದೆಯೇ ಬತ್ತದ ಟ್ರ್ಯಾಕ್ಟರೊಂದು ಬರುತ್ತಿತ್ತೆಂಬುದು ದೊಡ್ಡದು. ಅಂಗಡಿಯವರು ಚೈನು ಬಿಗಿ ಮಾಡಿಕೊಟ್ಟರು. ಮತ್ತೆ ಜಾರಿತು. ಮತ್ತಷ್ಟು ಬಿಗಿ ಮಾಡಿದರು. ನಾನು ದೀಪಾವಳಿಗೆ ಹೋದಾಗ ಅದು ತಂಬೂರಿಯ ತಂತಿಯಾಗಿತ್ತು. ತುಳಿದರೆ ಗರಗರ ಸದ್ದು; ಏರಿನಲ್ಲಿ ಜಾರುವುದೂ ತಪ್ಪಿರಲಿಲ್ಲ. "ಸೈಕಲ್ಲಿನ ಸಹವಾಸ ಸಾಕು, ಪರೀಕ್ಷೆಗೆ ಮನೆಯಲ್ಲೇ ಓದಿಕೊಳ್ಳಲಿ" ಎಂದು ತಂಗಿ ತೀರ್ಮಾನಿಸಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳ ಓದು ನಿಲ್ಲುವುದಕ್ಕೆ ದೊಡ್ಡ ಕಾರಣ ಬೇಕಾಗುವುದಿಲ್ಲ.

ಕರೂರಿನಲ್ಲಿ ಬೇವಿನ ಮರದಡಿ ಗಾಳಿಪಂಪು ನಿಲ್ಲಿಸಿಕೊಂಡು ಕೂಡುವ ಮುದುಕರೊಬ್ಬರಿದ್ದಾರೆ. ಬೈಸಿಕಲ್ಲನ್ನು ಅವರಲ್ಲಿಗೆ ತಳ್ಳಿಕೊಂಡು ಹೋದೆವು. ಚೈನನ್ನು ಬೆರಳಿನಿಂದ ಮೀಟಿ, "ಭಾಳ ಬಿಗಿ ಮಾಡ್ಯಾರ್ರೀ. ರೋಗ ಒಂದ್ಕಡಿ, ಪಟ್ಟಿ ಒಂದ್ಕಡಿ" ಎಂದರು.

ನನ್ನದು ಕನ್ನಡ ಪಾಠ ಹೇಳುವ ಕಸುಬು. ಬಿಗಿಯೇ ಗುಣ, ಸಡಿಲೇ ದೋಷ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವನು. ದಂಡಿಯಂತೂ ಶೈಥಿಲ್ಯ ಸೋಂಕದಿರುವುದನ್ನೇ ಶ್ಲೇಷವೆಂಬ ಗುಣವೆಂದು ಎಣಿಸಿದ. ಚೈನಿನ ಶಾಸ್ತ್ರ ಬೇರೆ. ಎರಡು ಚಕ್ರಗಳ ನಡುವೆ ಅದನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಅರ್ಧ ಅಂಗುಲವಾದರೂ ಆಡಬೇಕು. ಆಡದಿದ್ದರೆ ಅಚ್ಚಿನ ಗುಂಡುಗಳೂ ಚೈನೂ ಬೇಗ ಸವೆಯುತ್ತವೆ, ತುಳಿಯುವವರ ತೊಡೆಯೂ ಸೋಲುತ್ತದೆ. ಬಹಳ ಸಡಿಲಾದರೆ ಚೈನು ಕಳಚಿಬೀಳುತ್ತದೆ.

ಮುದುಕರು ಬೈಸಿಕಲ್ಲನ್ನು ತಲೆಕೆಳಗು ಮಾಡಿ ಹಿಂದಿನ ನಟ್ಟುಗಳನ್ನು ಸಡಿಲಿಸಿ ಪೆಡಲನ್ನು ಮೆಲ್ಲಗೆ ತಿರುವಿದರು. ಒಂದು ಕಡೆ ಚೈನು ಬಿಗಿಯಿತು. ಅರ್ಧ ಸುತ್ತಿಗೆ ಜೋತುಬಿತ್ತು. ಸುತ್ತು ಮುಗಿದಾಗ ಮತ್ತೆ ಅದೇ ಜಾಗದಲ್ಲಿ ಬಿಗಿಯಿತು. ಪೆಡಲಿನ ಸುತ್ತಿಗೊಮ್ಮೆ ಹೀಗಾದರೆ ಮುಂದಿನ ಹಲ್ಲುಚಕ್ರ ನಡು ತಪ್ಪಿದೆ ಎಂದರ್ಥ. ಹಿಂದಿನ ಗಾಲಿಯ ಸುತ್ತಿಗೊಮ್ಮೆ ಆದರೆ ಕುಂದು ಫ್ರೀವ್ಹೀಲಿನದು. ಎರಡಕ್ಕೂ ಕೂಡದೆ ಯಾವಾಗಲೋ ಒಮ್ಮೆ ತಡವರಿಸಿದರೆ ಕೊಂಡಿಯೊಂದು ಗಡುಸಾಗಿ ನಿಂತಿದೆ. ವೈದ್ಯರು ನಾಡಿ ನೋಡುವುದೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಹೊಸ ಹಲ್ಲುಚಕ್ರ ನಡು ತಪ್ಪಿದ್ದು ಸ್ವಲ್ಪವೇ. ಕ್ರ್ಯಾಂಕಿಗೆ ಬೆಸೆದ ಚಕ್ರವಾದ್ದರಿಂದ ಅದನ್ನು ಸರಿಸುವಂತಿಲ್ಲ. ಚೈನು ಅತಿ ಬಿಗಿಯಾಗುವ ಜಾಗದಲ್ಲಿ ಪೆಡಲು ನಿಲ್ಲಿಸಿ, ಅಲ್ಲಿ ಅರ್ಧ ಅಂಗುಲ ಬಿಡಬೇಕು. ಜೋತ ಜಾಗದಲ್ಲಿ ಅಳೆದು ಬಿಗಿ ಮಾಡಿದ್ದರಿಂದಲೇ ಗರಗರ.

ಜಾರುವುದಕ್ಕೆ ಕಾರಣ ಬೇರೆಯದೇ. ಫ್ರೀವ್ಹೀಲನ್ನು ಯಾರೂ ಮುಟ್ಟಿರಲಿಲ್ಲ. ಅದರ ಹಲ್ಲುಗಳು ಕುಡುಗೋಲಿನಂತೆ ಒಂದೇ ಕಡೆಗೆ ಬಾಗಿದ್ದವು. ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿದ ಹಾನ್ಸ್ ರೆನಾಲ್ಡ್ ಎಂಬಾತ 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ ಉರುಳೆಯ ಚೈನಿನ ವಂಶವೇ ಇಂದಿನದು. ಬೈಸಿಕಲ್ಲಿನ ಚೈನಿನಲ್ಲಿ ಮೊಳೆಯಿಂದ ಮೊಳೆಗೆ ಅರ್ಧ ಅಂಗುಲ. 24 ಕೊಂಡಿಗೆ ಸರಿಯಾಗಿ ಒಂದು ಅಡಿ. ತಂಗಿಯ ಮನೆಯಲ್ಲಿ ಬಾಗಿಲ ಹಿಂದೆ ನೇತಾಡುತ್ತಿದ್ದ ಹಳೆಯ ಚೈನನ್ನು ತರಿಸಿ ಸ್ಕೇಲಿನಿಂದ ಅಳೆದೆವು. ಅಡಿಗೆ ಅಂಗುಲದ ವೀಸದಷ್ಟು, ಎಂದರೆ ಹದಿನಾರನೆಯ ಒಂದು ಪಾಲು, ಹೆಚ್ಚಾದರೆ ಚೈನು ಬದಲಿಸುವ ಕಾಲ. ಅರೆಕಾಲಿನಷ್ಟು ಹೆಚ್ಚಾಗಿದ್ದರೆ ಅಷ್ಟರಲ್ಲಿ ಹಲ್ಲುಗಳನ್ನೂ ಕೆಡಿಸಿರುತ್ತದೆ. ಇದು ಅರೆಕಾಲನ್ನೂ ಮೀರಿತ್ತು. ಸವೆದ ಚೈನೂ ಸವೆದ ಹಲ್ಲೂ ಮುದಿ ದಂಪತಿಗಳಂತೆ ಹೇಗೋ ಹೊಂದಿಕೊಂಡಿದ್ದವು. ಹೊಸ ಚೈನಿನ ಅಳತೆ ಆ ಬಾಗಿದ ಹಲ್ಲುಗಳಿಗೆ ಕೂಡದು. ಸುಮ್ಮನೆ ತುಳಿದಾಗ ಕೂತಂತೆ ನಟಿಸಿ, ಭಾರ ಬಿದ್ದೊಡನೆ ಹಲ್ಲೇರಿ ಹಾರುತ್ತದೆ. ಎಷ್ಟು ಬಿಗಿ ಮಾಡಿದರೂ ಇದಕ್ಕೆ ಪರಿಹಾರವಲ್ಲ.

ಮುದುಕರ ಬಳಿ 18 ಹಲ್ಲಿನ ಫ್ರೀವ್ಹೀಲು ಇರಲಿಲ್ಲ, 20 ಹಲ್ಲಿನದಿತ್ತು. ಎರಡು ಹಲ್ಲು ಹೆಚ್ಚಾದರೆ ಸುತ್ತಿಗೆ ಅರ್ಧ ಅಂಗುಲ ಚೈನು ಹೆಚ್ಚು ಬೇಕು. ಹಿಂದಿನ ಗಾಲಿ ಕಾಲು ಅಂಗುಲ ಮುಂದಕ್ಕೆ ಬರುತ್ತದೆ. ಅದಕ್ಕೆ ಜಾಗವಿತ್ತು. ತುಳಿತವೂ ಹಗುರವಾಯಿತು, ಎದುರುಗಾಳಿಯ ಬಯಲಿನಲ್ಲಿ ಅದೊಂದು ಲಾಭ. ಜೋಡುಕೊಂಡಿಯ ಕ್ಲಿಪ್ಪಿನ ಬಾಯಿ ಹಿಂದಕ್ಕಿರುವಂತೆ ಹಾಕಿ, ಬಲಗಡೆ ಸಡಿಲನ್ನು ಗೊತ್ತುಮಾಡಿ, ಎಡಗಡೆಯನ್ನು ಎಳೆದು ಗಾಲಿ ಚೌಕಟ್ಟಿನ ನಡುವೆ ನೇರ ನಿಲ್ಲುವಂತೆ ಮಾಡಿ ನಟ್ಟು ಬಿಗಿದರು. ನಟ್ಟು ಬಿಗಿಯುವಾಗ ಗಾಲಿ ಸರಿಯುವುದುಂಟೆಂದು ಮತ್ತೊಮ್ಮೆ ಅಳೆದರು. ಬ್ರೇಕಿನ ಕಟ್ಟೆಗಳನ್ನೂ ಸರಿಸಿದರು. ಗಾಲಿ ಮುಂದೆ ಬಂದರೆ ಅವೂ ಬರಬೇಕಷ್ಟೆ.

ತಂಗಿ ಮಾತನಾಡದೆ ಮಗಳನ್ನು ಸೇತುವೆಯ ಏರಿಗೆ ಕರೆದೊಯ್ದು ಆರು ಸಲ ಹತ್ತಿಸಿದಳು. ಏಳನೆಯ ಸಲ ತಾನೇ ಹತ್ತಿದಳು. ಮಾರನೆಯ ವಾರ ಹುಡುಗಿ ಶಾಲೆಗೆ ಹೋದಳು. ಹೊಸ ಚೈನು ಹದಕ್ಕೆ ಬರುವಾಗ ಸ್ವಲ್ಪ ಜೋಲುತ್ತದೆ, ಎಂಟು ದಿನ ಬಿಟ್ಟು ನೋಡಬೇಕು ಎಂದು ಮುದುಕರು ಹೇಳಿದ್ದರು. ಎಂಟನೆಯ ದಿನ ಸಂಜೆ ಅವಳೇ ಫೋನು ಮಾಡಿ, ಸ್ಕೇಲು ಹಿಡಿದು ನೋಡಿದೆ, ಮುಕ್ಕಾಲು ಅಂಗುಲವಾಗಿದೆ ಎಂದಳು. ಸ್ಪ್ಯಾನರು ಮುದುಕರಿಂದ ತಂದಿದ್ದಳಂತೆ; ಬೆಳಗಿನ ಒಳಗೆ ಹಿಂದಿರುಗಿಸಬೇಕೆಂದು ಬೇಗ ಫೋನಿಟ್ಟಳು.