ಹಿತ್ತಿಲ ಹಾಸುಗಲ್ಲು

ಮನೆಗೆ ಬಂದವರಿಗೆ ದೇವರಮನೆ ತೋರಿಸುತ್ತೇವೆ, ಅಡಿಗೆಮನೆ ತೋರಿಸುತ್ತೇವೆ. ಹಿತ್ತಿಲ ಸಂಡಾಸದ ಗುಂಡಿಯನ್ನು ಯಾರೂ ತೋರಿಸುವುದಿಲ್ಲ. ಅದು ಸುಮ್ಮನಿರುವವರೆಗೆ ನಮಗೂ ಅದರ ನೆನಪಿರುವುದಿಲ್ಲ. ಸೇಡಂನ ನಮ್ಮ ಮನೆಯಲ್ಲಿ ಅದರ ಮೇಲೆ ಶಹಾಬಾದ್ ಹಾಸುಗಲ್ಲು ಹೊದಿಸಿದೆ. ಚಾದರ ಹಾಸಿ ನಾನು ಅಲ್ಲಿ ಹಪ್ಪಳ ಒಣಗಿಸಿದ್ದೂ ಉಂಟು. ನಮ್ಮ ಬೀಗರಿಗೆ ಮಾತ್ರ ಹೇಳಬೇಡಿ.

ಹೋದ ಬೇಸಿಗೆಯಲ್ಲಿ ಮಗಳ ಮನೆಯಲ್ಲಿ ಒಂದು ತಿಂಗಳಿದ್ದು ಬಂದು ಬೀಗ ತೆಗೆದರೆ ಮನೆ ತುಂಬ ದುರ್ವಾಸನೆ! ಇಲಿ ಸತ್ತಿರಬೇಕೆಂದು ನಮ್ಮವರು ಕಪಾಟುಗಳನ್ನೆಲ್ಲ ಸರಿಸಿದರು. ನಾನು ಅರ್ಧ ಬಾಟಲಿ ಫಿನಾಯಿಲ್ ಸುರಿದೆ. ಎರಡೂ ತಪ್ಪು. ಬಚ್ಚಲಿನ ಜಾಲರಿಯ ಕೆಳಗೆ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಗುಂಡಿಯ ಗಾಳಿ ಒಳಗೆ ಬಾರದಂತೆ ತಡೆಯುವುದು ಆ ನೀರೇ. ನಮ್ಮ ಕಡೆಯ ಬಿಸಿಲಿಗೆ ಅದು ಆರಿಹೋಗಿತ್ತು. ಒಂದು ಬಕೆಟ್ ನೀರು ಹಾಕಿದ ಮೇಲೆ ವಾಸನೆ ನಿಂತಿತು. ಇನ್ನು ಫಿನಾಯಿಲ್ಲಿನ ಮಾತು. ಗುಂಡಿಯ ಹೊಲಸನ್ನು ಕರಗಿಸುವವು ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು. ನಾವು ಸುರಿಯುವ ಫಿನಾಯಿಲ್, ಆ್ಯಸಿಡ್ ಅವನ್ನೇ ಕೊಲ್ಲುತ್ತವೆ. ನೆಲವೇನೋ ಹೊಳೆಯುತ್ತದೆ, ಗುಂಡಿ ಬೇಗ ತುಂಬುತ್ತದೆ.

ಮಳೆಗಾಲಕ್ಕೆ ಎರಡನೆಯ ಕಾಟ ಶುರುವಾಯಿತು. ನೀರು ಹಾಕಿದರೆ ಸಂಡಾಸ ಗುಡುಗುಡು ಎನ್ನುವುದು, ಮೆಲ್ಲಗೆ ಇಳಿಯುವುದು. ಮಾಳಿಗೆ ಹತ್ತಿ ನೋಡಿದರೆ ಗಾಳಿಕೊಳವೆಯ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಕೆರೆದು ತೆಗೆಸಿದೆವು. ಗುಡುಗುಡು ನಿಂತಿತು, ಆದರೆ ನೀರು ಮೇಲೇರುವುದು ನಿಲ್ಲಲಿಲ್ಲ. ಗಟ್ಟಿಯಾದದ್ದು ತಳದಲ್ಲಿ ಕೂತು, ಜಿಡ್ಡು ಮೇಲೆ ತೇಲಿ, ನಡುವಿನ ನೀರು ಪಕ್ಕದ ಇಂಗುಗುಂಡಿಗೆ ಹೋಗಬೇಕು. ನಮ್ಮ ನೆಲದಡಿಯಲ್ಲಿ ಪದರುಪದರಾಗಿ ಸುಣ್ಣಕಲ್ಲು, ನೀರು ಇಂಗುವುದೇ ಕಷ್ಟ. ಅದರ ಮೇಲೆ, ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕಾದ ಗುಂಡಿಯನ್ನು ಅತ್ತೆಯವರು ತೀರಿಕೊಂಡ ಮೇಲೆ ನಾವು ಮುಟ್ಟಿರಲೇ ಇಲ್ಲ.

ಒಂದು ಸಂಜೆ ಚಿತ್ತಾಪುರದ ಶಾಲೆಯಿಂದ ರೈಲಿಳಿದು ಬಂದಾಗ ಹಿತ್ತಿಲಲ್ಲಿ ಒಂದು ಹಾಸುಗಲ್ಲು ಸರಿದಿತ್ತು. ನಮ್ಮವರು ಕರೆಸಿದ್ದ ಹುಡುಗ ಹಗ್ಗ, ಬಕೆಟ್ ಹಿಡಿದು ನಿಂತಿದ್ದ.

“ನಮಸ್ಕಾರ್ರಿ ಅಕ್ಕೋರ, ಗುರ್ತು ಸಿಗಲಿಲ್ಲೇನ್ರಿ?”

ಏಳನೆಯ ತರಗತಿಯಲ್ಲಿ ನನ್ನ ಮುಂದೆ ಕೂತವನು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೆಯ ವಿಧಿಯನ್ನು ತಪ್ಪಿಲ್ಲದೆ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದವನು.

“ವಾಸನಿ ಭಾಳೇನಿಲ್ರಿ. ಹತ್ತು ನಿಮಿಷದಾಗ ಇಳದು ತಗದು ಬಿಡ್ತೀನ್ರಿ.”

ವಾಸನೆ ಬಾರದಿದ್ದರೆ ಅಪಾಯವಿಲ್ಲ ಎಂದಲ್ಲ. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ, ಆಮೇಲೆ ಪ್ರಾಣ ತೆಗೆಯುತ್ತದೆ. ಬಿದ್ದವನನ್ನು ಎತ್ತಲು ಇಳಿದವರೂ ಎಷ್ಟೋ ಸಲ ಉಳಿಯುವುದಿಲ್ಲ.

ಇದೆಲ್ಲ ಗೊತ್ತಿದ್ದೂ, ನಿಜ ಹೇಳುತ್ತೇನೆ, ‘ಇಳಿಯಲಿ, ಇವತ್ತಿಗೆ ಮುಗಿಯಲಿ’ ಎಂದು ಒಂದು ಕ್ಷಣ ಅನ್ನಿಸಿತು. ಮರುದಿನ ಬೀಗರು ಬರುವವರಿದ್ದರು. ಅತ್ತೆಯವರಿದ್ದಾಗ ಇದೇ ಗುಂಡಿಗೆ ಒಬ್ಬ ಇಳಿದಿದ್ದ. ಅವನ ಬೊಗಸೆಗೆ ಮೇಲಿನಿಂದ ನೀರು ಹೊಯ್ದವಳು ನಾನೇ. ಹೆಸರು ಕೇಳಿರಲಿಲ್ಲ. ಈ ಹುಡುಗನ ಹೆಸರು ನನ್ನ ಹಾಜರಿ ಪುಸ್ತಕದಲ್ಲಿತ್ತು.

“ಕಲ್ಲು ಮುಚ್ಚಪಾ, ಇಳೀಬ್ಯಾಡ” ಎಂದೆ.

“ಅಂವನೇ ಒಪ್ಪ್ಯಾನಲ್ಲ” ಎಂದರು ನಮ್ಮವರು.

ಅವನು ಒಪ್ಪಿದರೂ 2013ರ ಕಾಯ್ದೆ ಒಪ್ಪುವುದಿಲ್ಲ. ರಕ್ಷಣೆಯಿಲ್ಲದೆ ಇಳಿಸಿದವರಿಗೆ, ಅದು ಮೊದಲ ತಪ್ಪಾದರೂ, ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಹುಡುಗನ ಚಿಂತೆಯೇ ಬೇರೆ.

“ಹಂಗಾದ್ರ ನನ್ನ ಕೂಲಿ ಹೋಯ್ತಲ್ರಿ ಅಕ್ಕೋರ?”

ಅದಕ್ಕೆ ನನ್ನ ಪಾಠದಲ್ಲಿ ಉತ್ತರವಿರಲಿಲ್ಲ. ಅಂದಿನ ಕೂಲಿ ಕೊಟ್ಟೆ, ಒಳಗೆ ಕರೆದು ಚಹಾ ಕೊಟ್ಟೆ. ಒಂದು ದಿನದ ಕೂಲಿಯಿಂದ ಅವನ ಬದುಕು ಬದಲಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸಕ್ಕಿಂಗ್ ಮಷಿನ್ ಬಂದದ್ದು ಮೂರನೆಯ ದಿನ. ಅಲ್ಲಿಯವರೆಗೆ ಬೀಗರನ್ನು ಪಕ್ಕದ ಮನೆಗೆ ಕಳಿಸಿದೆವು. ನಾಚಿಕೆಯಾಯಿತು, ಆಗಲಿ. ದಪ್ಪ ಕೊಳವೆ ಇಳಿಬಿಟ್ಟು ಗುಂಡಿ ಖಾಲಿ ಮಾಡಿದರು, ಮನುಷ್ಯರು ಯಾರೂ ಇಳಿಯಲಿಲ್ಲ.

ಗ್ಯಾಸ್ ಸಿಲಿಂಡರಿನ ತಾರೀಖು ಬರೆಯುವ ಕ್ಯಾಲೆಂಡರಿನಲ್ಲೇ ಆ ತಾರೀಖನ್ನೂ ಬರೆದಿಟ್ಟಿದ್ದೇನೆ. ನೀವೂ ಬರೆದಿಡಿ. ಹಪ್ಪಳ ಮಾತ್ರ ಈಗ ಮಾಳಿಗೆಯ ಮೇಲೆ ಒಣಗುತ್ತವೆ.